ಗೋಡೆಯಾಚೆಗೆ ಕೇಳುವ ಕೀಬೋರ್ಡು

ಬಳ್ಳಾರಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆಗಳ ಕೆಲಸ ಹಗಲು ಅಲ್ಲಿಯೇ ನಡೆಯುತ್ತದೆ. ಪುಸ್ತಕದಂಥ ಉದ್ದನೆಯ ಕೆಲಸ ಬಂದರೆ ರಾತ್ರಿ ಮನೆಯಲ್ಲಿ ಕುಳಿತು ಮುಗಿಸುತ್ತೇನೆ. ಮನೆಯ ಮೇಜಿನ ಮೇಲಿರುವುದು ನೀಲಿ ಸ್ವಿಚ್ಚುಗಳ, 87 ಕೀಲಿಗಳ ಮೆಕ್ಯಾನಿಕಲ್ ಕೀಬೋರ್ಡು, ಅಂದರೆ ಪ್ರತಿ ಕೀಲಿಯ ಅಡಿಗೂ ಅದರದೇ ಒಂದು ಸ್ವಿಚ್ಚು ಇರುವಂಥದ್ದು. ಕಳೆದ ಬೇಸಿಗೆಯಲ್ಲಿ ಅದರ ಮೇಲೆ ಎರಡು ದೂರುಗಳು ಒಟ್ಟಿಗೆ ಬಂದವು. ಮೊದಲನೆಯದು ನನ್ನದೇ: ಎಫ್ ಕೀಲಿಯನ್ನು ಒಮ್ಮೆ ಒತ್ತಿದರೆ ಎರಡು ಸಲ ಬೀಳುತ್ತಿತ್ತು. ಎರಡನೆಯದು ಪಕ್ಕದ ಕೋಣೆಯಲ್ಲಿ ಮಲಗುವ ಅಪ್ಪನದು. "ರಾತ್ರಿ ಎಲ್ಲಾ ಯಾರೋ ಶೇಂಗಾ ಸುಲಿದಂಗ ಕೇಳತೈತಪ್ಪ, ನಿದ್ದಿ ಹತ್ತಂಗಿಲ್ಲ" ಎಂದರು. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಕನ್ನಡ ಟೈಪ್‌ರೈಟರ್ ಬಡಿದವರ ದೂರು ಅದು, ತಳ್ಳಿಹಾಕುವಂತಿರಲಿಲ್ಲ.

ಇಂಗ್ಲಿಷ್ ಟೈಪ್ ಮಾಡುವವರಿಗೆ ಎಫ್ ಅಷ್ಟೇನೂ ದುಡಿಯುವ ಕೀಲಿಯಲ್ಲ. 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ, ಅಂದರೆ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿವಿನ್ಯಾಸದಲ್ಲಿ, ವ್ಯಂಜನದ ಅಕಾರವನ್ನು ತೆಗೆದು ಒತ್ತಕ್ಷರ ಕಟ್ಟುವುದು ಅದೇ ಕೀಲಿ. 'ಬಳ್ಳಾರಿ' ಎಂಬ ಒಂದು ಪದವನ್ನೇ ತೆಗೆದುಕೊಳ್ಳಿ: ಬಿ, ಶಿಫ್ಟ್ ಹಿಡಿದು ಎಲ್, ಶಿಫ್ಟ್ ಬಿಟ್ಟು ಎಫ್, ಮತ್ತೆ ಶಿಫ್ಟ್ ಹಿಡಿದು ಎಲ್ ಮತ್ತು ಎ, ಬಿಟ್ಟು ಆರ್, ಐ. ಏಳು ಅಕ್ಷರಕೀಲಿಗಳ ಈ ಪದಕ್ಕೆ ಶಿಫ್ಟ್ ಎರಡು ಸಲ ಕೆಳಗೆ ಹೋಗಿ ಬರಬೇಕು, ಎಫ್ ಒಂದು ಸಲ. ದೀರ್ಘಸ್ವರ, ಮಹಾಪ್ರಾಣ, ಳಕಾರ, ಣಕಾರ, ಅನುಸ್ವಾರ ಇವೆಲ್ಲಕ್ಕೂ ಶಿಫ್ಟ್ ಬೇಕು. ಎಡಗೈಯ ಅಕ್ಷರಕ್ಕೆ ಬಲ ಶಿಫ್ಟನ್ನು ಒತ್ತಬೇಕೆಂಬುದು ಟೈಪಿಂಗ್ ಶಾಲೆಯ ಶಿಸ್ತು. ನಾನು ಎಲ್ಲದಕ್ಕೂ ಎಡ ಶಿಫ್ಟನ್ನೇ ಒತ್ತುವವನು. ಹೀಗಾಗಿ ನನ್ನ ಕೀಬೋರ್ಡಿನಲ್ಲಿ ಮೊದಲು ಸವೆದದ್ದು ಎಫ್ ಕೀಲಿಯ ಮೇಲಿನ ಗೆರೆಯುಬ್ಬು, ಮೊದಲು ಸಡಿಲವಾದದ್ದು ಎಡ ಶಿಫ್ಟು. ಒಂದು ಎಫ್ ಎರಡಾಗಿ ಬಿದ್ದರೆ ಒತ್ತು ಕೂಡದೆ ಅಕ್ಷರ ಒಡೆದು ನಿಲ್ಲುತ್ತಿತ್ತು. ಪ್ರತಿ ಪುಟದಲ್ಲಿಯೂ ಅಂಥವನ್ನು ಹುಡುಕಿ ತಿದ್ದುವುದೇ ಒಂದು ಕೆಲಸವಾಗಿತ್ತು.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಸದ್ದು ಎಲ್ಲಿಂದ ಬರುತ್ತಿದೆ ಎಂಬುದನ್ನು ತಿಳಿಯಬೇಕಿತ್ತು. ಫೋನಿನಲ್ಲಿ ಡೆಸಿಬಲ್ ಅಳೆಯುವ ಆ್ಯಪ್ ಹಾಕಿ ನೋಡಿದೆ. ಅದು ನಿಷ್ಠೆಯಿಂದ ಸೀಲಿಂಗ್ ಫ್ಯಾನನ್ನು ಅಳೆಯಿತು. ಫ್ಯಾನ್ ನಿಲ್ಲಿಸಿ ಅಳೆಯಲು ನಮ್ಮ ಊರಿನ ಮೇ ತಿಂಗಳು ಬಿಡುವುದಿಲ್ಲ. ಕೊನೆಗೆ ಅಪ್ಪನ ಕಿವಿಯನ್ನೇ ಅಳತೆಗೋಲು ಮಾಡಿಕೊಂಡೆ. ಅವರು ತಮ್ಮ ಮಂಚದ ಮೇಲೆ ಮಲಗಿರುವುದು, ನಾನು ಇಲ್ಲಿ ಒಂದೊಂದೇ ಕೀಲಿಯನ್ನು ಹೇಳದೆ ಒತ್ತುವುದು, ಅವರು ಅಲ್ಲಿಂದ ಕೂಗಿ ಹೇಳುವುದು. ಅಕ್ಷರದ ಕೀಲಿಗಳಿಗೆ "ಕೇಳತೈತಿ, ಆದ್ರ ಅದೇನು ತ್ರಾಸಿಲ್ಲ" ಎಂದರು. ಸ್ಪೇಸ್ ಬಾರ್ ಒತ್ತಿದ ಕೂಡಲೆ "ಹಾಂ, ಇದs ನೋಡು, ಯಾರೋ ಬಾಗಲಾ ಬಡದಂಗ" ಎಂದರು. ಎಡ ಶಿಫ್ಟಿಗೆ "ಇದು ಎರಡೆರಡು ಸಲ ಬಡೀತೈತಿ" ಎಂದರು. ಅಷ್ಟಕ್ಕೇ ನಿಲ್ಲಿಸದೆ, ತಮ್ಮ ಕಚೇರಿಯಲ್ಲಿ ಟೈಪ್‌ರೈಟರಿನ ಅಡಿಗೆ ದಪ್ಪ ಕಂಬಳಿಯ ತುಂಡು ಹಾಕುತ್ತಿದ್ದರೆಂದೂ ನಾನೂ ಹಾಗೆಯೇ ಮಾಡಬೇಕೆಂದೂ ಹೇಳಿದರು. ನಾನು ಆ ಮಾತನ್ನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ಪರೀಕ್ಷೆಯಿಂದ ನನ್ನ ಎಣಿಕೆ ತಲೆಕೆಳಗಾಯಿತು. ನೀಲಿ ಸ್ವಿಚ್ಚಿನ 'ಟಿಕ್' ಎಂಬ ಸದ್ದೇ ಮುಖ್ಯ ಅಪರಾಧಿ ಎಂದು ನಾನು ನಂಬಿದ್ದೆ. ಆ ಸ್ವಿಚ್ಚಿನ ಕಾಂಡ, ಅಂದರೆ ಕೀಲಿಯ ಜೊತೆಗೆ ಕೆಳಗಿಳಿಯುವ ಭಾಗ, ಎರಡು ತುಂಡುಗಳದು. ಒಳಗಿನ ಕಾಂಡಕ್ಕೆ ಅಂಗಿಯಂತೆ ತೊಡಿಸಿದ ಸಡಿಲ ತುಂಡೊಂದು ಲೋಹದ ಪಟ್ಟಿಯ ತಡೆಯನ್ನು ದಾಟುವಾಗ ತಟ್ಟನೆ ಕೆಳಕ್ಕೆ ಜಿಗಿಯುವುದರಿಂದ ಆ ಸದ್ದು ಹುಟ್ಟುತ್ತದೆ. ಅದು ಎತ್ತರದ ಸ್ವರದ, ಚಿಕ್ಕ ಸದ್ದು. ಎದುರಿಗೆ ಕುಳಿತವರಿಗೆ ಚುಚ್ಚುತ್ತದೆಯಾದರೂ ಇಟ್ಟಿಗೆ ಗೋಡೆಯಲ್ಲಿ ಬಹುಪಾಲು ಸತ್ತುಹೋಗುತ್ತದೆ. ಗೋಡೆ ದಾಟುವುದು ಕೆಳಸ್ವರದ ಗುದ್ದು: ಕೀಲಿ ತಳ ಮುಟ್ಟಿದಾಗ ಪೆಟ್ಟು ಕೀಬೋರ್ಡಿನ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಮೇಜಿಗೆ, ಗೋಡೆಗೆ ಆನಿಸಿಟ್ಟ ಮೇಜಿನಿಂದ ಗೋಡೆಗೆ ಹರಿಯುತ್ತದೆ. ಒಂದೇ ಕೀಬೋರ್ಡಿನಲ್ಲಿ ಹೀಗೆ ಸ್ವಿಚ್ಚಿನ ಸದ್ದು, ಸ್ಪ್ರಿಂಗಿನ ಝಣತ್ಕಾರ, ಉದ್ದ ಕೀಲಿಗಳ ಗಡಗಡ, ಪೆಟ್ಟಿಗೆಯ ಟೊಳ್ಳು ಸದ್ದು, ಮೇಜಿನ ಗುದ್ದು ಎಲ್ಲವೂ ಸೇರಿರುತ್ತವೆ, ಮತ್ತು ಒಂದಕ್ಕೆ ಮಾಡಿದ ಚಿಕಿತ್ಸೆ ಇನ್ನೊಂದಕ್ಕೆ ನಾಟುವುದಿಲ್ಲ.

ಕೀಲಿಗಳ ಟೋಪಿಗಳನ್ನು ತಂತಿಯ ಚಿಮಟದಿಂದ ಕಿತ್ತು ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿದೆ. ಅಡಿಯ ಸ್ಕ್ರೂಗಳನ್ನು ತೆಗೆದು, ಅವಧಿ ಮುಗಿದ ಎಟಿಎಂ ಕಾರ್ಡೊಂದನ್ನು ಸಂದಿಯಲ್ಲಿ ತೂರಿಸಿ ಸುತ್ತಲೂ ಓಡಿಸಿದಾಗ ಪೆಟ್ಟಿಗೆ ಬಿಚ್ಚಿತು. ಸ್ವಿಚ್ಚುಗಳು ಕುಳಿತ ಉಕ್ಕಿನ ತಗಡಿನ ಮೇಲೆ, ಎರಡು ಸಾಲುಗಳ ನಡುವಿನ ಕಾಲುವೆಗಳಲ್ಲಿ, ಕುಂಕುಮಕ್ಕಿಂತ ಸ್ವಲ್ಪ ಕಪ್ಪಾದ ಬಣ್ಣದ ನುಣುಪು ಧೂಳು ಕೂತಿತ್ತು. ಅದಿರಿನ ಲಾರಿಗಳು ಓಡಾಡುವ ರಸ್ತೆಯ ಬದಿಯಲ್ಲಿ ಮನೆಯಿದ್ದವರಿಗೆ ಅದರ ಪರಿಚಯ ಮಾಡಿಕೊಡಬೇಕಿಲ್ಲ. ಪೇಂಟಿನ ಒಣ ಬ್ರಷ್ಷಿನಿಂದ ಸಡಿಲಿಸಿ, ಕಂಪ್ಯೂಟರ್ ಶುಚಿ ಮಾಡುವ ಬ್ಲೋವರ್ ಹಿಡಿದು ಅಂಗಳದಲ್ಲಿಯೇ ಊದಿದೆ. ಬಾಯಿಯಿಂದ ಊದಿದರೆ ಉಗುಳಿನ ತೇವಕ್ಕೆ ಈ ಧೂಳು ಅಂಟಾಗಿ ಹಿಡಿದುಕೊಳ್ಳುತ್ತದೆ.

ಕೀಬೋರ್ಡು ಗಟ್ಟಿಯೋ ಅಲ್ಲವೋ ಎಂಬುದನ್ನು ತೂಕದಿಂದ ತೀರ್ಮಾನಿಸುವ ರೂಢಿ ನನಗೂ ಇತ್ತು. ಎತ್ತಿದರೆ ಭಾರವಿದೆ, ಆದ್ದರಿಂದ ಒಳ್ಳೆಯದು ಎಂದು ಕೊಂಡದ್ದು ಇದು. ಬಿಚ್ಚಿದ ಮೇಲೆ ಕಂಡದ್ದು ಬೇರೆ. ಆ ಭಾರವೆಲ್ಲ ಉಕ್ಕಿನ ತಗಡಿನದು, ಪೆಟ್ಟಿಗೆ ಬರೀ ತೆಳು ಎಬಿಎಸ್ ಪ್ಲಾಸ್ಟಿಕ್ಕಿನ ಚಿಪ್ಪು. ಎರಡು ಮೂಲೆಗಳನ್ನು ಹಿಡಿದು ಹಿಂಡಿದರೆ ಚಿಪ್ಪು ಕಿರುಗುಟ್ಟುತ್ತಿತ್ತು. ಕಿವಿಗೊಟ್ಟು ಹುಡುಕಿದಾಗ ಎಡಗಡೆಯ ಮೂಲೆಯ ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಕಂಬ ಉದ್ದಕ್ಕೆ ಸೀಳಿದ್ದು ಕಂಡಿತು. ಸ್ಕ್ರೂ ಅಲ್ಲಿ ಇದ್ದರೂ ಹಿಡಿತ ಇರಲಿಲ್ಲ. ಆ ಮೂಲೆಯ ನೇರಕ್ಕೆ ಮೇಲಿರುವ ಕೀಲಿಗಳು ಕಂಟ್ರೋಲ್ ಮತ್ತು ಶಿಫ್ಟು! ಶಿಫ್ಟ್ ಒತ್ತಿದಾಗಲೆಲ್ಲ ತಗಡು ಕೂದಲೆಳೆಯಷ್ಟು ಕುಸಿದು, ಬಿಟ್ಟಾಗ ಮೇಲೆದ್ದು ಚಿಪ್ಪಿಗೆ ತಟ್ಟುತ್ತಿತ್ತು. ಅಪ್ಪ ಹೇಳಿದ ಎರಡು ಬಡಿತಗಳಲ್ಲಿ ಒಂದರ ಮೂಲ ಇದು. ಸೀಳಿಗೆ ಫೆವಿಕ್ವಿಕ್ ಹನಿಸಿ, ಮೇಲೆ ಚಿಟಿಕೆ ಅಡುಗೆ ಸೋಡಾ ಉದುರಿಸಿದೆ. ಎರಡೂ ಸೇರಿದರೆ ಕ್ಷಣದಲ್ಲಿ ಕಲ್ಲಾಗುತ್ತದೆ. ಮೊದಲೇ ಸ್ಕ್ರೂ ಹಾಕಿಟ್ಟು ಸೋಡಾ ಉದುರಿಸಬಾರದು, ಸ್ಕ್ರೂ ಅಲ್ಲೇ ಶಾಶ್ವತವಾಗಿ ಉಳಿಯುತ್ತದೆ.

ಎಫ್ ಕೀಲಿಯ ಸ್ವಿಚ್ಚನ್ನು ಬಿಚ್ಚಿದಾಗ ನಾಚಿಕೆಯಾಯಿತು. ಹಿಂದಿನ ವರ್ಷ ಆ ಕೀಲಿ ಬಿಗಿಯಾಗಿದೆ ಎನಿಸಿ, ಹೊಲಿಗೆ ಮೆಷಿನ್ನಿನ ಎಣ್ಣೆಯನ್ನು ಎರಡು ಹನಿ ಬಿಟ್ಟವನು ನಾನೇ. ಜೀನ್ಸ್ ಹೊಲಿಯುವ ಊರಿನಲ್ಲಿ ಆ ಎಣ್ಣೆಯ ಬಾಟಲಿ ಎಲ್ಲರ ಮನೆಯಲ್ಲಿಯೂ ಸಿಗುತ್ತದೆ, ಎಲ್ಲ ರೋಗಕ್ಕೂ ಅದೇ ಮದ್ದು. ಅದು ತೆಳುವಾದ ಖನಿಜ ಎಣ್ಣೆಯಾದ್ದರಿಂದ ಇಟ್ಟಲ್ಲಿ ನಿಲ್ಲದೆ ಹರಿದು, ಸಂಪರ್ಕದ ತಾಮ್ರದ ಪಟ್ಟಿಯವರೆಗೂ ಹೋಗಿತ್ತು. ಅದರ ಹಿಂದೆಯೇ ಧೂಳೂ ಹೋಗಿ, ಎರಡು ಪಟ್ಟಿಗಳು ಮುಟ್ಟುವ ಜಾಗದಲ್ಲಿ ಕೆಮ್ಮಣ್ಣಿನ ಕೆಸರಿನಂಥ ಲೇಪವಾಗಿ ಕೂತಿತ್ತು. ಲೋಹದ ಪಟ್ಟಿಗಳು ಮುಟ್ಟುವಾಗ ಯಾವ ಸ್ವಿಚ್ಚಿನಲ್ಲಿಯಾದರೂ ಕ್ಷಣಕಾಲ ಅದುರಿ ಮುಟ್ಟಿ ಬಿಡುತ್ತವೆ. ಆ ಅದುರು ನಿಲ್ಲುವವರೆಗೆ ಎರಡನೆಯ ಸಂಕೇತವನ್ನು ಲೆಕ್ಕಕ್ಕೆ ಹಿಡಿಯದಂತೆ ಕೀಬೋರ್ಡಿನೊಳಗಿನ ತಂತ್ರಾಂಶ ಕೆಲವು ಮಿಲಿಸೆಕೆಂಡು ಕಾಯುತ್ತದೆ. ಹವ್ಯಾಸಿಗಳು ಬಳಸುವ ಕ್ಯೂಎಂಕೆ ತಂತ್ರಾಂಶದಲ್ಲಿ ಈ ಕಾಯುವಿಕೆ ಸಾಮಾನ್ಯವಾಗಿ 5 ಮಿಲಿಸೆಕೆಂಡು. ಪಟ್ಟಿ ಹೊಲಸಾದರೆ ಅದುರು ಆ ಮಿತಿಯನ್ನು ಮೀರುತ್ತದೆ, ಒಂದು ಒತ್ತು ಎರಡಾಗಿ ಕಾಣುತ್ತದೆ. ನನ್ನ ಕೀಬೋರ್ಡಿನ ತಂತ್ರಾಂಶವನ್ನು ಬದಲಿಸುವ ದಾರಿ ಇರಲಿಲ್ಲ, ಸ್ವಿಚ್ಚನ್ನೇ ಬದಲಿಸಬೇಕಿತ್ತು. ಒಂದನ್ನು ಬದಲಿಸುವ ಬದಲು ಎಲ್ಲವನ್ನೂ ಬದಲಿಸೋಣ ಎಂದುಕೊಂಡದ್ದು ಆಸೆಬುರುಕತನ ಎಂದು ಈಗ ಅನಿಸುತ್ತದೆ.

ಈ ಕೀಬೋರ್ಡಿನ ಸ್ವಿಚ್ಚುಗಳು ಕಿತ್ತು ಸಿಕ್ಕಿಸುವಂಥವಲ್ಲ, ಬೆಸುಗೆ ಹಾಕಿದವು. ಒಂದಕ್ಕೆ ಎರಡು ಕಾಲುಗಳಂತೆ 174 ಬೆಸುಗೆಗಳನ್ನು ಬಿಡಿಸಬೇಕಿತ್ತು. ಕಾರ್ಖಾನೆಯ ಬೆಸುಗೆ ಸೀಸವಿಲ್ಲದ್ದಾದರೆ ಅದು ಕರಗಲು ಸುಮಾರು 217 ಡಿಗ್ರಿ ಸೆಲ್ಸಿಯಸ್ ಬೇಕು. ನಮ್ಮ ಪೇಟೆಯ ರೇಡಿಯೋ ರಿಪೇರಿ ಅಂಗಡಿಗಳಲ್ಲಿ ಸಿಗುವ ತವರ-ಸೀಸದ 60/40 ತಂತಿ 190ರೊಳಗೆಯೇ ಕರಗುತ್ತದೆ. ಹಳೆಯ ಬೆಸುಗೆಯ ಮೇಲೆ ಹೊಸ ತಂತಿಯನ್ನು ಸ್ವಲ್ಪ ಕರಗಿಸಿ ಬೆರೆಸಿದರೆ ಮಿಶ್ರಣ ಬೇಗ ನೀರಾಗುತ್ತದೆ, ಆಗ ಕರಗಿದ ಬೆಸುಗೆಯನ್ನು ಹೀರುವ ಪಂಪು ಒಂದೇ ಎಳೆತಕ್ಕೆ ರಂಧ್ರವನ್ನು ಬರಿದು ಮಾಡುತ್ತದೆ. ಈ ಉಪಾಯ ಗೊತ್ತಿದ್ದೂ ಮೊದಲ ಇಪ್ಪತ್ತು ಕಾಲುಗಳಲ್ಲಿ ಅವಸರಪಟ್ಟೆ. ಬರಿದಾಗದ ಕಾಲನ್ನು ಎಳೆದದ್ದರಿಂದ ಕೆ ಕೀಲಿಯ ಒಂದು ತಾಮ್ರದ ಬಿಲ್ಲೆ ಪಿಸಿಬಿಯಿಂದ, ಅಂದರೆ ಸ್ವಿಚ್ಚುಗಳನ್ನು ಬೆಸೆದ ಸರ್ಕ್ಯೂಟ್ ಬೋರ್ಡಿನಿಂದ, ಸಿಪ್ಪೆಯಂತೆ ಎದ್ದು ಬಂತು.

ಬಿಲ್ಲೆ ಹೋದರೆ ಬೋರ್ಡು ಹೋಯಿತು ಎಂದೇನೂ ಅಲ್ಲ. ಕೀಲಿಗಳನ್ನು ಅಡ್ಡಸಾಲು, ಉದ್ದಸಾಲುಗಳ ಜಾಲರಿಯಲ್ಲಿ ಜೋಡಿಸಿರುತ್ತಾರೆ. ಪ್ರತಿ ಸ್ವಿಚ್ಚಿನ ಒಂದು ಕಾಲು ಒಂದು ಸಾಲಿಗೂ ಇನ್ನೊಂದು ಕಾಲು ಡಯೋಡಿನ ಮೂಲಕ ಇನ್ನೊಂದು ಸಾಲಿಗೂ ಹೋಗುತ್ತದೆ. ಹಲವು ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಒತ್ತದ ಕೀಲಿ ಬೀಳದಂತೆ ತಡೆಯುವುದು ಆ ಡಯೋಡು. ನನ್ನಲ್ಲಿ ಎದ್ದದ್ದು ಡಯೋಡಿನ ಕಡೆಯ ಬಿಲ್ಲೆ. ಹಳೆಯ ಟೆಲಿಫೋನ್ ವೈರಿನ ಒಂಟಿ ತಂತಿಯನ್ನು ಎರಡು ಸೆಂಟಿಮೀಟರ್ ಕತ್ತರಿಸಿ, ಸ್ವಿಚ್ಚಿನ ಕಾಲಿನಿಂದ ನೇರವಾಗಿ ಡಯೋಡಿನ ಕಾಲಿಗೆ ಬೆಸೆದೆ. ಮಲ್ಟಿಮೀಟರ್ ಬೀಪ್ ಎಂದ ಮೇಲೆಯೇ ಉಸಿರು ಬಿಟ್ಟದ್ದು. ನೋಡಲು ಚೆಂದವಿಲ್ಲ, ಆದರೆ ಆ ಬದಿಯನ್ನು ಯಾರೂ ನೋಡುವುದಿಲ್ಲ.

ಹೊಸ ಸ್ವಿಚ್ಚಿಗೆ ಗೇಟರಾನ್ ಹಳದಿಯನ್ನು ಆರಿಸಿದೆ. ಚೆರ್ರಿ ಎಂಬ ಜರ್ಮನ್ ಕಂಪನಿ 1980ರ ದಶಕದಲ್ಲಿ ತಂದ ಎಂಎಕ್ಸ್ ವಿನ್ಯಾಸವನ್ನೇ, ಪೇಟೆಂಟಿನ ಅವಧಿ ಮುಗಿದ ಮೇಲೆ ಚೀನಾದ ಗೇಟರಾನ್, ಕೈಲ್, ಔಟೆಮು ಮುಂತಾದವರು ತಯಾರಿಸುತ್ತಿದ್ದಾರೆ. ಹಳದಿಯದು ನೇರ ಸ್ವಿಚ್ಚು. ಟಿಕ್ ಇಲ್ಲ, ತಡೆಯೂ ಇಲ್ಲ. ಸುಮಾರು 50 ಗ್ರಾಂ ಒತ್ತಡಕ್ಕೆ, 4 ಮಿ.ಮೀ. ಓಟದ ಅರ್ಧದಲ್ಲಿಯೇ ಅಕ್ಷರ ಬೀಳುತ್ತದೆ. ಟಿಕ್ ಸ್ವಿಚ್ಚಿಗೇ ಗ್ರೀಸು ಹಚ್ಚಿ ಸದ್ದು ತಗ್ಗಿಸಬಹುದಲ್ಲ ಎಂದು ಕೇಳುವವರಿದ್ದಾರೆ; ಜಿಗಿಯುವ ತುಂಡಿಗೆ ಗ್ರೀಸು ಹತ್ತಿದರೆ ಟಿಕ್ ಸಾಯುತ್ತದೆ, ಹಿತವಾದ ಸ್ಪರ್ಶ ಮಾತ್ರ ಬರುವುದಿಲ್ಲ, ಒದ್ದೆ ಬೆಂಕಿಪೆಟ್ಟಿಗೆ ಗೀರಿದಂತಾಗುತ್ತದೆ.

ಹಳದಿ ಸ್ವಿಚ್ಚುಗಳನ್ನು ಒಂದೊಂದಾಗಿ ಬಿಚ್ಚಿ, ಸೊನ್ನೆ ನಂಬರಿನ ಬ್ರಷ್ಷಿನಿಂದ ಕಾಂಡದ ಎರಡು ಬದಿಗೂ ಅದು ಜಾರುವ ಗೋಡೆಗಳಿಗೂ ಕ್ರೈಟಾಕ್ಸ್ 205 ಗ್ರೇಡ್ 0 ಗ್ರೀಸನ್ನು, ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗಿ ಹಚ್ಚಿದೆ. ಇದು ಫ್ಲೋರಿನ್ ಆಧಾರಿತ ಎಣ್ಣೆಗೆ ಟೆಫ್ಲಾನ್ ಪುಡಿ ಸೇರಿಸಿ ಮಾಡಿದ್ದು, ಪ್ಲಾಸ್ಟಿಕ್ಕನ್ನು ತಿನ್ನುವುದಿಲ್ಲ, ನಮ್ಮ ಬೇಸಿಗೆಯ 42 ಡಿಗ್ರಿಗೆ ಇಳಿದು ಹರಿಯುವುದೂ ಇಲ್ಲ. ಲೋಹದ ಪಟ್ಟಿಯನ್ನು ಮುಟ್ಟುವ ಕಾಲುಗಳಿಗೆ ಹಚ್ಚಲಿಲ್ಲ; ಎಫ್ ಕಲಿಸಿದ ಪಾಠ ಹಸಿಯಾಗಿಯೇ ಇತ್ತು. ಸ್ಪ್ರಿಂಗುಗಳನ್ನೆಲ್ಲ ಜಿಪ್ ಚೀಲಕ್ಕೆ ಹಾಕಿ, ಅದೇ ಬಗೆಯ ತೆಳು ಎಣ್ಣೆ 105ರ ಕೆಲವು ಹನಿ ಬಿಟ್ಟು, ಮಂಡಕ್ಕಿಗೆ ಒಗ್ಗರಣೆ ಕಲಸಿದಂತೆ ಅಲುಗಾಡಿಸಿದೆ. ಝಣತ್ಕಾರ ಹೋಯಿತು. ಈ ಇಡೀ ಗ್ರೀಸಿನ ಕೆಲಸ ಮೂರು ಸಂಜೆಗಳನ್ನು ನುಂಗಿತು, ಅಪ್ಪನ ಕಿವಿಗೆ ಅದರಿಂದ ಆದ ಲಾಭ ಬಹಳ ಕಡಿಮೆ. ಬೆರಳಿಗೆ ಆದದ್ದು ಹೆಚ್ಚು.

ನಿಜವಾದ ಕೆಲಸವಿದ್ದದ್ದು ಸ್ಟೆಬಿಲೈಸರುಗಳಲ್ಲಿ. ಒಂದು ಸಾಮಾನ್ಯ ಕೀಲಿಯ ಜಾಗ 19.05 ಮಿ.ಮೀ.; ಸ್ಪೇಸ್ ಬಾರ್ ಅದರ ಆರೂಕಾಲು ಪಟ್ಟು, ಅಂದರೆ ಸುಮಾರು 119 ಮಿ.ಮೀ. ಅಷ್ಟುದ್ದದ ಕೀಲಿಯನ್ನು ನಡುವಿನ ಒಂದೇ ಸ್ವಿಚ್ಚು ಹೊತ್ತರೆ ತುದಿ ಒತ್ತಿದಾಗ ತಕ್ಕಡಿಯಂತೆ ವಾಲುತ್ತದೆ. ವಾಲದಂತೆ ಎರಡು ತುದಿಗಳನ್ನು ಒಂದು ಉಕ್ಕಿನ ತಂತಿಯಿಂದ ಜೋಡಿಸಿರುತ್ತಾರೆ, ಅದೇ ಸ್ಟೆಬಿಲೈಸರು. 87 ಕೀಲಿಗಳ ಬೋರ್ಡಿನಲ್ಲಿ ಇಂಥವು ಐದು: ಎರಡು ಶಿಫ್ಟು, ಎಂಟರ್, ಬ್ಯಾಕ್‌ಸ್ಪೇಸ್, ಸ್ಪೇಸ್. ಆ ತಂತಿ ತನ್ನ ಪ್ಲಾಸ್ಟಿಕ್ ಗೂಡಿನಲ್ಲಿ ಸಡಿಲವಾಗಿ ಕುಣಿಯುವುದೇ ಗಡಗಡ ಸದ್ದು.

ತಂತಿಗಳನ್ನು ಬಿಡಿಸಿ, ಮನೆಯ ಕನ್ನಡಿಯನ್ನು ಮೇಜಿನ ಮೇಲೆ ಮಲಗಿಸಿ ಅದರ ಮೇಲಿಟ್ಟೆ. ಸರಿಯಾದ ತಂತಿಯ ಎರಡು ಕಾಲುಗಳೂ ಗಾಜಿಗೆ ಒಂದೇ ಸಮ ಒರಗಬೇಕು. ಎಡ ಶಿಫ್ಟಿನದು ಒಂದು ತುದಿಯನ್ನು ಬೆರಳಿನಿಂದ ಒತ್ತಿದರೆ ಇನ್ನೊಂದು ತುದಿಯನ್ನು ಎತ್ತುತ್ತಿತ್ತು. ಕನ್ನಡಿಯಲ್ಲಿ ತಂತಿಗೂ ಅದರ ಬಿಂಬಕ್ಕೂ ನಡುವೆ ಬೆಳಕಿನ ಒಂದು ಗೆರೆ ಕಾಣುತ್ತಿತ್ತು. ಇಕ್ಕಳದಲ್ಲಿ ಹಿಡಿದು ಬಗ್ಗಿಸಿದೆ ಎಂದು ಹೇಳುವುದು ಸುಲಭ. ಬಗ್ಗಿಸಿದರೆ ದಾಟಿಹೋಗುತ್ತದೆ, ವಾಪಸು ಬಗ್ಗಿಸಿದರೆ ಮೊದಲಿನಲ್ಲಿಗೇ ಬರುತ್ತದೆ. ಬಗ್ಗಿಸುವುದಲ್ಲ, ಬಗ್ಗಿಸಬೇಕೆಂದು ಮನಸ್ಸು ಮಾಡಿ ಕೈ ಬಿಗಿ ಹಿಡಿದರೆ ಸಾಕು ಎನ್ನುವಷ್ಟು ಒತ್ತಡ ಬೇಕು. ಹನ್ನೊಂದನೆಯ ಸಲಕ್ಕೆ ಬೆಳಕಿನ ಗೆರೆ ಮಾಯವಾಯಿತು.

ಆಮೇಲಿನದು ಸರಾಗ. ಗೂಡಿನೊಳಗಿನ ಕಾಂಡದ ಅಡಿಯಲ್ಲಿ ಬೇಡದ ಎರಡು ಮೊಳಕೆಗಳಿರುತ್ತವೆ. ಉಗುರು ಕತ್ತರಿಯಿಂದ ಅವನ್ನು ಕತ್ತರಿಸಿದರೆ ತಳ ಸಪಾಟಾಗಿ ಕೂರುತ್ತದೆ. ಕಾಂಡ ಪಿಸಿಬಿಗೆ ಬಡಿಯುವ ಜಾಗದಲ್ಲಿ ಗಾಯಕ್ಕೆ ಹಚ್ಚುವ ಬಟ್ಟೆಯ ಪಟ್ಟಿಯ ತುಂಡು ಅಂಟಿಸಿದೆ. ತಂತಿಯ ತುದಿಗಳಿಗೆ ಸಿಲಿಕೋನ್ ಗ್ರೀಸನ್ನು ಇಲ್ಲಿ ಮಾತ್ರ ಕೈಬಿಚ್ಚಿ ಹಚ್ಚಿದೆ, ಏಕೆಂದರೆ ಗೂಡಿನ ಸಂದಿಯನ್ನು ತುಂಬುವುದೇ ಅದರ ಕೆಲಸ.

ಇನ್ನು ಟೊಳ್ಳು ಪೆಟ್ಟಿಗೆ. ಪಿಸಿಬಿಯ ಬೆನ್ನಿಗೆ ಮಾಸ್ಕಿಂಗ್ ಟೇಪು ಅಂಟಿಸಿ ಸದ್ದನ್ನು ಮಂದ ಮಾಡುವ ರೂಢಿಯೊಂದಿದೆ. ಇಲ್ಲಿಯ ಸೆಕೆಗೆ ಆ ಟೇಪಿನ ಅಂಟು ಒಂದೇ ಬೇಸಿಗೆಯಲ್ಲಿ ಜಿನುಗುವುದನ್ನು ಅಂಗಡಿಯಲ್ಲಿ ಕಂಡಿದ್ದೇನಾದ್ದರಿಂದ ಅದನ್ನು ಬಿಟ್ಟೆ. ನಮ್ಮ ಓಣಿಯ ಹೊಲಿಗೆ ಘಟಕದಲ್ಲಿ ಡೆನಿಮ್ ಕತ್ತರಿಸಿ ಉಳಿದ ತುಂಡುಗಳು ಚೀಲಗಟ್ಟಲೆ ಬಿದ್ದಿರುತ್ತವೆ. ಗಂಜಿ ಹೋಗುವಂತೆ ಎರಡು ಸಲ ಒಗೆದು ಒಣಗಿಸಿ, ಪೆಟ್ಟಿಗೆಯ ತಳದ ಅಳತೆಗೆ ಮೂರು ತುಂಡು ಕತ್ತರಿಸಿಕೊಂಡು, ಅಂಚಿನಿಂದ ನೂಲು ಬಿಚ್ಚಿ ಸ್ವಿಚ್ಚುಗಳತ್ತ ಹೋಗದಂತೆ ಓವರ್‌ಲಾಕ್ ಹೊಡೆಸಲು ಕೊಟ್ಟೆ. ಸ್ಕ್ರೂ ಕಂಬಗಳಿಗಾಗಿ ಬಿಟ್ಟ ರಂಧ್ರಗಳನ್ನು ಕಂಡು ಮೆಷಿನ್ನಿನ ಮೇಲಿದ್ದ ಅಕ್ಕ, "ಅಣ್ಣಾ, ಇದ್ಯಾವ ಸೈಜಿನ ಮನಿಷಾಗ ಹೊಲಸಾಕತ್ತೀಯ, ಕಾಲು ಒಂದೂ ಕಾಣವಲ್ದು, ಗುಂಡಿ ಏಳು ಅದಾವು" ಎಂದರು.

ಮೂರು ಪದರ ಹಾಕಿದ್ದು ದುರಾಸೆಯಾಯಿತು. ಸ್ಕ್ರೂ ಬಿಗಿದಾಗ ಬಟ್ಟೆ ಪಿಸಿಬಿಯನ್ನು ಕೆಳಗಿನಿಂದ ತಳ್ಳಿ, ನಡುವಿನ ಸಾಲು ಕಮಾನಿನಂತೆ ಎದ್ದು, ಜಿ ಮತ್ತು ಎಚ್ ಕೀಲಿಗಳು ಒತ್ತಿದಲ್ಲಿಯೇ ನಿಂತವು. ಮತ್ತೆ ಬಿಚ್ಚಿ ಒಂದು ಪದರ ತೆಗೆದೆ. ಈಗ ಪೆಟ್ಟಿಗೆಯನ್ನು ಬೆರಳಗಂಟಿನಿಂದ ತಟ್ಟಿದರೆ ಖಾಲಿ ಡಬ್ಬಿಯ ಸದ್ದಿಲ್ಲ, ತುಂಬಿದ ಡಬ್ಬಿಯದು. ಟೋಪಿಗಳನ್ನೂ ಬದಲಿಸಿದೆ, ಹಳೆಯ ಎಬಿಎಸ್ ಟೋಪಿಗಳು ಸವೆದು ಹೊಳೆಯುತ್ತಿದ್ದವು, ಹೊಸವು ಪಿಬಿಟಿ ಎಂಬ ಪ್ಲಾಸ್ಟಿಕ್ಕಿನ ದಪ್ಪ ಟೋಪಿಗಳು, ಅವುಗಳ ಸದ್ದು ಸ್ವಲ್ಪ ಗಂಭೀರ.

ಎರಡನೆಯ ಪರೀಕ್ಷೆಗೆ ಅಪ್ಪ ಮತ್ತೆ ಮಲಗಿದರು. ಅಕ್ಷರಗಳು ಕೇಳಲೇ ಇಲ್ಲ ಎಂದರು. ಶಿಫ್ಟು ಒಂದೇ ಸಲ, ಮೆಲ್ಲಗೆ ಎಂದರು. ಸ್ಪೇಸ್ ಬಾರಿಗೆ ಮಾತ್ರ "ಗಡಗಡ ಹೋತು, ಗುದ್ದು ಹಂಗs ಐತಿ" ಎಂದು, ಸ್ವಲ್ಪ ಹೊತ್ತು ಬಿಟ್ಟು "ಕಂಬಳಿ ಹಾಕಿದಿ ಏನು?" ಎಂದು ಕೇಳಿದರು. ಹಾಕಿರಲಿಲ್ಲ. ಉಳಿದಿದ್ದ ಮೂರನೆಯ ಡೆನಿಮ್ ಪದರವನ್ನು ಹಳೆಯ ಕಂಬಳಿಯ ತುಂಡಿನ ಮೇಲಿಟ್ಟು ಕೀಬೋರ್ಡಿನ ಅಡಿಗೆ ಹಾಸಿ, ಮೇಜನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದೆ. ಮತ್ತೆ ಸ್ಪೇಸ್ ಒತ್ತಿದೆ, ಒತ್ತಿದೆನೆಂದು ಕೂಗಿಯೂ ಹೇಳಿದೆ. "ಯಾವಾಗ?" ಎಂದರು.

ಎಂಟರ್ ಕೀಲಿಯ ಬಲ ತುದಿಯಲ್ಲಿ ಸಣ್ಣದೊಂದು ಟಿಕ್ ಈಗಲೂ ಇದೆ. ಅದರ ತಂತಿಯನ್ನು ಕನ್ನಡಿಯ ಮೇಲಿಟ್ಟಾಗ ನೇರವಾಗಿಯೇ ಕಂಡಿತ್ತು, ಹಾಗಾಗಿ ದೋಷ ಗೂಡಿನದೇ ಇರಬೇಕು. ಕೈಯಲ್ಲಿರುವ ಪುಸ್ತಕದ ಪುಟಗಳು ಮುಗಿದ ಮೇಲೆ ಅದೊಂದನ್ನು ಬಿಚ್ಚುವವನಿದ್ದೇನೆ.